ಮೈದಾನದ ಹೆಸರು ಕಂಪನಿಗೆ ಹೋದಾಗ: ಅಭಿಮಾನಿಗಳ ವಿರೋಧ ಎಲ್ಲಿ ನಾಟುತ್ತದೆ, ಎಲ್ಲಿ ನಾಟುವುದಿಲ್ಲ?

ಉತ್ತರ_ಗ್ಯಾಲರಿ (ಚರ್ಚೆ ಆರಂಭಿಸಿದವರು)

ಕ್ರೀಡಾಂಗಣಕ್ಕೆ ಕಂಪನಿ ಹೆಸರು ಬಂದಾಗಲೆಲ್ಲ ನಡೆಯುವುದು ಒಂದೇ. ಮೊದಲು ಮೀಮ್‌ಗಳ ಸುರಿಮಳೆ, ಆಮೇಲೆ ಆನ್‌ಲೈನ್ ಸಹಿ ಸಂಗ್ರಹ, ತಿಂಗಳೊಳಗೆ ಎಲ್ಲರೂ ತಣ್ಣಗೆ. ಆದರೂ ಕೆಲವು ಕಡೆ ಹಳೆಯ ಹೆಸರು ನಿಜಕ್ಕೂ ವಾಪಸ್ ಬಂದಿದೆ. ಹ್ಯಾಂಬರ್ಗ್‌ನ ಫೋಕ್ಸ್‌ಪಾರ್ಕ್ ಸ್ಟೇಡಿಯಂ 2001ರಿಂದ ಎಒಎಲ್, ಎಚ್‌ಎಸ್‌ಎಚ್ ನಾರ್ಡ್‌ಬ್ಯಾಂಕ್, ಇಮ್‌ಟೆಕ್ ಅಂತ ಮೂರು ಹೆಸರು ಹೊತ್ತು 2015ರಲ್ಲಿ ಮೂಲ ಹೆಸರಿಗೇ ಮರಳಿತು. ನ್ಯೂಕ್ಯಾಸಲ್‌ನ ಸೇಂಟ್ ಜೇಮ್ಸ್ ಪಾರ್ಕ್ 2011ರ ನವೆಂಬರ್‌ನಲ್ಲಿ ಸ್ಪೋರ್ಟ್ಸ್ ಡೈರೆಕ್ಟ್ ಅರೀನಾ ಆಯಿತು, ವರ್ಷ ತುಂಬುವ ಮೊದಲೇ ಹಳೆಯ ಹೆಸರು ಬಂತು. ಟೊರೊಂಟೊದ ಸ್ಕೈಡೋಮ್ ಮಾತ್ರ 2005ರಿಂದ ರೋಜರ್ಸ್ ಸೆಂಟರ್ ಆಗಿಯೇ ಉಳಿದಿದೆ, ಹಳಬರು ಎಷ್ಟು ಗೊಣಗಿದರೂ ಬೋರ್ಡ್ ಅಲ್ಲಾಡಿಲ್ಲ.

ಈ ವ್ಯತ್ಯಾಸ ಎಲ್ಲಿಂದ ಬರುತ್ತದೆ? ಮಾಲೀಕತ್ವ, ಕರಾರು, ಹಣ, ಸಮಯ, ಇವುಗಳ ಲೆಕ್ಕದಲ್ಲಿ ಮಾತಾಡೋಣ. "ಎಲ್ಲಾ ವ್ಯಾಪಾರ ಆಗೋಯ್ತು" ಅನ್ನುವ ಕಾಮೆಂಟ್ ದಯವಿಟ್ಟು ಬೇಡ, ಅದು ಎಲ್ಲರಿಗೂ ಗೊತ್ತಿರುವುದೇ.

ಕರಾರುಪತ್ರ

ಮೊದಲ ಪ್ರಶ್ನೆ: ಹೆಸರಿಡುವ ಹಕ್ಕು ಯಾರ ಕೈಯಲ್ಲಿದೆ? ಅದು ತಿಳಿಯದೆ ಬರೆದ ಮನವಿ ತಪ್ಪು ವಿಳಾಸಕ್ಕೆ ಹೋಗುತ್ತದೆ. ಕಟ್ಟಡವೇ ಕ್ಲಬ್‌ನದ್ದಾಗಿದ್ದರೆ ಆಡಳಿತ ಮಂಡಳಿ ನಿರ್ಧರಿಸುತ್ತದೆ. ನಗರಾಡಳಿತದ ಕಟ್ಟಡವನ್ನು ಕ್ಲಬ್ ಗುತ್ತಿಗೆಗೆ ಪಡೆದಿದ್ದರೆ ಗುತ್ತಿಗೆ ಪತ್ರದಲ್ಲಿ "ಹೆಸರಿನ ಹಕ್ಕು" ಅನ್ನುವ ಷರತ್ತು ಹುಡುಕಬೇಕು. ಎಷ್ಟೋ ಕಡೆ ಹಕ್ಕು ಬಾಡಿಗೆದಾರನಿಗೆ ಹೋಗಿರುತ್ತದೆ, ನಗರಕ್ಕೆ ಉಳಿಯುವುದು ಒಪ್ಪಿಗೆ ಕೊಡುವ ಅಥವಾ ನಿರಾಕರಿಸುವ ಅಧಿಕಾರ ಮಾತ್ರ. ಇನ್ನು ಕೆಲವು ಕಡೆ ಸ್ಟೇಡಿಯಂಗೆಂದೇ ಬೇರೆ ಕಂಪನಿ ಇರುತ್ತದೆ, ಕ್ಲಬ್ ಅದರಲ್ಲಿ ಪಾಲುದಾರ ಅಷ್ಟೇ.

ಸಾರ್ವಜನಿಕ ಸ್ವತ್ತಾಗಿದ್ದರೆ ಕೈಗೆ ಸಿಗುವ ಹಿಡಿಕೆ ಜಾಸ್ತಿ. ಸ್ಯಾನ್ ಫ್ರಾನ್ಸಿಸ್ಕೊದ ಕ್ಯಾಂಡಲ್‌ಸ್ಟಿಕ್ ಪಾರ್ಕ್ ನಗರದ್ದಾಗಿತ್ತು. 1995ರಲ್ಲಿ ಅದು ತ್ರೀಕಾಂ ಪಾರ್ಕ್ ಆಯಿತು, 2004ರಲ್ಲಿ ಮಾನ್‌ಸ್ಟರ್ ಪಾರ್ಕ್. ಅದೇ ವರ್ಷದ ನವೆಂಬರ್‌ನಲ್ಲಿ ಮತದಾರರು ಪ್ರಪೋಸಿಷನ್ ಎಚ್ ಎಂಬ ಜನಮತದ ಪ್ರಸ್ತಾಪ ಪಾಸು ಮಾಡಿ ಹಳೆಯ ಹೆಸರೇ ಇರಬೇಕು ಅಂದರು. ಆದರೆ ಆಗಲೇ ಸಹಿಯಾಗಿದ್ದ ಕರಾರನ್ನು ಆ ಮತ ಮುರಿಯಲಿಲ್ಲ. ಅವಧಿ ಮುಗಿದು 2008ರಲ್ಲಷ್ಟೇ ಕ್ಯಾಂಡಲ್‌ಸ್ಟಿಕ್ ಮರಳಿತು. ಸಹಿಗೆ ಮುಂಚೆ ಬಂದ ವಿರೋಧಕ್ಕೂ ಸಹಿಯ ನಂತರದ ವಿರೋಧಕ್ಕೂ ಇರುವ ಅಂತರ ಇದೇ.

ಲೆಕ್ಕಿಗ

ಹಣದ ಭಾಗ ನನಗಿರಲಿ. ಸುದ್ದಿಯಲ್ಲಿ ಬರುವ ದೊಡ್ಡ ಅಂಕಿ ನೋಡಿ ಯಾರೂ ಬೆರಗಾಗಬೇಡಿ, ಅವಧಿಯಿಂದ ಭಾಗಿಸಿ.

1973ರಲ್ಲಿ ಬಫಲೋದ ರಿಚ್ ಸ್ಟೇಡಿಯಂ: 25 ವರ್ಷಕ್ಕೆ 15 ಲಕ್ಷ ಡಾಲರ್, ಅಂದರೆ ವರ್ಷಕ್ಕೆ 60 ಸಾವಿರ. ಈ ಪದ್ಧತಿಯ ಮೊದಮೊದಲ ಒಪ್ಪಂದಗಳಲ್ಲಿ ಒಂದು.
ಹ್ಯೂಸ್ಟನ್‌ನ ಎನ್ರಾನ್ ಫೀಲ್ಡ್: 30 ವರ್ಷಕ್ಕೆ 10 ಕೋಟಿ ಡಾಲರ್, ವರ್ಷಕ್ಕೆ ಸುಮಾರು 33 ಲಕ್ಷ.
ಮಯಾಮಿಯ ಎಫ್‌ಟಿಎಕ್ಸ್ ಅರೀನಾ, 2021: 19 ವರ್ಷಕ್ಕೆ 13.5 ಕೋಟಿ, ವರ್ಷಕ್ಕೆ ಸುಮಾರು 71 ಲಕ್ಷ.
ಲಾಸ್ ಏಂಜಲೀಸ್‌ನ ಸ್ಟೇಪಲ್ಸ್ ಸೆಂಟರ್ ಕ್ರಿಪ್ಟೋ ಡಾಟ್ ಕಾಂ ಅರೀನಾ ಆದಾಗ ವರದಿಯಾದದ್ದು 20 ವರ್ಷಕ್ಕೆ 70 ಕೋಟಿ, ವರ್ಷಕ್ಕೆ 3.5 ಕೋಟಿ.

ಭಾಗಿಸಿದರೂ ಲೆಕ್ಕ ಮುಗಿಯಲಿಲ್ಲ. "20 ವರ್ಷಕ್ಕೆ 10 ಕೋಟಿ" ಅನ್ನುವ ಒಪ್ಪಂದ ತೆಗೆದುಕೊಳ್ಳಿ. ಪ್ರತಿ ವರ್ಷ ಸಮನಾಗಿ 50 ಲಕ್ಷ ಬಂದರೆ, 8% ದರದಲ್ಲಿ ಅದರ ಇಂದಿನ ಮೌಲ್ಯ (ಮುಂದೆ ಬರುವ ಹಣ ಇವತ್ತಿನ ಲೆಕ್ಕದಲ್ಲಿ ಎಷ್ಟಕ್ಕೆ ಸಮ ಅನ್ನುವುದು) ಸುಮಾರು 4.9 ಕೋಟಿ ಮಾತ್ರ. ಬಹಳಷ್ಟು ಕರಾರುಗಳಲ್ಲಿ ಕಂತು ವರ್ಷಕ್ಕೆ ಇಷ್ಟು ಪ್ರತಿಶತ ಅಂತ ಏರುತ್ತದೆ. 3% ಏರಿಕೆ ಇದ್ದರೆ ಮೊದಲ ವರ್ಷ ಬರುವುದು 37 ಲಕ್ಷ, ಕೊನೆಯ ವರ್ಷ 65 ಲಕ್ಷ. ಇಂದಿನ ಮೌಲ್ಯ ಸುಮಾರು 4.56 ಕೋಟಿಗೆ ಇಳಿಯುತ್ತದೆ. ಪತ್ರಿಕೆಯ ತಲೆಬರಹ ಮಾತ್ರ ಎರಡಕ್ಕೂ "10 ಕೋಟಿ".

ಇದರಲ್ಲೂ ಬರೀ ಹೆಸರಿನ ಬೆಲೆ ಎಷ್ಟು ಅನ್ನುವುದು ಬೇರೆ. ಪ್ಯಾಕೇಜಿನಲ್ಲಿ ವಿಐಪಿ ಬಾಕ್ಸ್, ಒಂದಷ್ಟು ಟಿಕೆಟ್, ಎಲ್‌ಇಡಿ ಹಲಗೆಯ ಸಮಯ, ಆಟಗಾರರನ್ನು ಬಳಸಿ ಮಾಡುವ ಜಾಹೀರಾತು ಎಲ್ಲ ಸೇರಿರುತ್ತದೆ. ಆರ್ಸೆನಲ್‌ನ 2004ರ ಎಮಿರೇಟ್ಸ್ ಒಪ್ಪಂದ 10 ಕೋಟಿ ಪೌಂಡ್ ಅಂತ ಎಲ್ಲೆಡೆ ಬರೆಯುತ್ತಾರೆ, ಅದರಲ್ಲಿ ಅಂಗಿಯ ಮೇಲಿನ ಪ್ರಾಯೋಜಕತ್ವವೂ ಸೇರಿತ್ತು. ಸ್ಟೇಡಿಯಂ ಕಟ್ಟಲು ತುರ್ತಾಗಿ ಹಣ ಬೇಕಿದ್ದಾಗ ಮಾಡಿಕೊಂಡ ದೀರ್ಘಾವಧಿ ಒಪ್ಪಂದ. ಮಾರುಕಟ್ಟೆ ದರ ಏರಿದಾಗ ಅದೇ ದರಕ್ಕೆ ಕಟ್ಟಿಬಿದ್ದಿರಬೇಕಾಯಿತು.

ಸ್ಟಂಪ್ಸ್

ಹಾಗಿದ್ರೆ ನಮ್ಮ ವಿರೋಧದಿಂದ ಕಂಪನಿಗೆ ನಿಜವಾಗಿ ನಷ್ಟ ಆಗೋದು ಹೇಗೆ? ಹಣ ಅಂತೂ ಕೊಟ್ಟೇ ಕೊಡ್ತಾರೆ.

ಲೆಕ್ಕಿಗ

ಕಂಪನಿ ಕೊಳ್ಳುವುದು ಬಾಯಿಮಾತನ್ನು. ನೇರಪ್ರಸಾರದಲ್ಲಿ, ಪತ್ರಿಕೆಯಲ್ಲಿ, ಮ್ಯಾಪಿನಲ್ಲಿ, ಟಿಕೆಟ್ಟಿನಲ್ಲಿ ಹೆಸರು ಎಷ್ಟು ಸಲ ಬಂತು ಅಂತ ಎಣಿಸುವುದೇ ಕೆಲಸವಾಗಿರುವ ಸಂಸ್ಥೆಗಳಿವೆ. ನವೀಕರಣದ ಹೊತ್ತಿಗೆ ಆ ವರದಿ ಮೇಜಿನ ಮೇಲಿರುತ್ತದೆ. ಹಾಗಾಗಿ ಹಳೆಯ ಹೆಸರನ್ನು ಸುಮ್ಮನೆ ಬಳಸುತ್ತಾ ಇರುವುದು, ಕೂಗಾಟವಿಲ್ಲದೆ, ವರ್ಷಗಟ್ಟಲೆ, ಇದೇ ಎಲ್ಲಕ್ಕಿಂತ ದುಬಾರಿ ಪೆಟ್ಟು. ಹಳೆಯ ಕ್ರೀಡಾಂಗಣದ ಹೆಸರು ಹೊಸದರಷ್ಟು ಬೆಲೆಗೆ ಹೋಗದಿರುವುದೂ ಇದಕ್ಕೇ. ಎಮಿರೇಟ್ಸ್, ಅಲಿಯಾನ್ಜ್ ಅರೀನಾ ಇವೆಲ್ಲ ಬಾಗಿಲು ತೆರೆದ ದಿನದಿಂದಲೇ ಆ ಹೆಸರಿನವು. ಬದಲಿ ಹೆಸರು ಜನರ ಬಾಯಲ್ಲಿ ಇರಲೇ ಇಲ್ಲ, ಪ್ರತಿರೋಧಕ್ಕೆ ನೆಲೆ ಇರಲಿಲ್ಲ. ಡಾರ್ಟ್‌ಮಂಡ್‌ನಲ್ಲಿ 2005ರಲ್ಲಿ ಕ್ಲಬ್ ಹಣದ ಮುಗ್ಗಟ್ಟಿನಲ್ಲಿದ್ದಾಗ ಸಿಗ್ನಲ್ ಇಡುನಾ ಪಾರ್ಕ್ ಬಂತು. ಅಭಿಮಾನಿಗಳಿಗೆ ಇವತ್ತಿಗೂ ಅದು ವೆಸ್ಟ್‌ಫಾಲನ್ ಸ್ಟೇಡಿಯಂ.

ಬೈಸಿಕಲ್_ಕಿಕ್

ಗುರು, ಬಾರ್ಸಿಲೋನಾ ಕಥೆ ಇನ್ನೂ ಮಜಾ. ಕ್ಯಾಂಪ್ ನೌ ಅನ್ನೋದು ಮೊದಲು ಜನ ಕರೆಯುತ್ತಿದ್ದ ಹೆಸರು, ಅಧಿಕೃತ ಹೆಸರು ಬೇರೆ ಇತ್ತು. 2000ದ ಹೊತ್ತಿಗೆ ಸದಸ್ಯರ ಮತ ಹಾಕಿಸಿ ಅದನ್ನೇ ಅಧಿಕೃತ ಮಾಡಿದರು. 2022ರಲ್ಲಿ ಸ್ಪಾಟಿಫೈ ಬಂದಾಗ ಒಪ್ಪಂದ ಸದಸ್ಯರ ಸಭೆಯ ಮುಂದೆ ಹೋಗಬೇಕಾಯ್ತು, ಹೆಸರು "ಸ್ಪಾಟಿಫೈ ಕ್ಯಾಂಪ್ ನೌ" ಆಯ್ತು. ಹಳೆಯ ಹೆಸರನ್ನು ಪೂರ್ತಿ ಅಳಿಸೋ ಧೈರ್ಯ ಯಾರೂ ಮಾಡಲಿಲ್ಲ.

ಕರಾರುಪತ್ರ

ಈ ಜೋಡಿ ಹೆಸರಿನ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ಅಭಿಮಾನಿಗಳು ಗೆದ್ದ ಹೆಚ್ಚಿನ ಪ್ರಕರಣಗಳು ಇಲ್ಲೇ ಬರುತ್ತವೆ.

ಅಯರ್ಲೆಂಡಿನ ಕಾರ್ಕ್‌ನಲ್ಲಿ 2024ರ ಜನವರಿಯಲ್ಲಿ ಪಾರ್ಕ್ ಈ ಕೀವ್ ಮೈದಾನಕ್ಕೆ ಸೂಪರ್‌ಮಾರ್ಕೆಟ್ ಕಂಪನಿಯೊಂದರ ಹೆಸರಿನಲ್ಲಿ "ಸೂಪರ್‌ವ್ಯಾಲ್ಯೂ ಪಾರ್ಕ್" ಅಂತ ಇಡುವ ಪ್ರಸ್ತಾಪ ಹೊರಬಿತ್ತು. ಹಳೆಯ ಹೆಸರಿನಲ್ಲಿದ್ದದ್ದು ಗೇಲಿಕ್ ಕ್ರೀಡಾ ಸಂಘದ ಪದಾಧಿಕಾರಿಯಾಗಿದ್ದ ವ್ಯಕ್ತಿಯ ನೆನಪು. ಸಹಿ ಆಗುವ ಮುಂಚೆಯೇ ಗದ್ದಲ ಎದ್ದಿತು, ಸಚಿವರ ಮಟ್ಟದಲ್ಲೂ ಆಕ್ಷೇಪ ಬಂತು. ಕೆಲವೇ ದಿನಗಳಲ್ಲಿ ಅದು "ಸೂಪರ್‌ವ್ಯಾಲ್ಯೂ ಪಾರ್ಕ್ ಈ ಕೀವ್" ಎಂದಾಯಿತು. ಕಂಪನಿಗೂ ಇದೇ ಒಳ್ಳೆಯದಾಯಿತು, ಊರಿನ ಗ್ರಾಹಕರ ಸಿಟ್ಟು ತಪ್ಪಿತು.

ಡೆನ್ವರ್‌ನಲ್ಲಿ 2001ರ ಹೊಸ ಕ್ರೀಡಾಂಗಣಕ್ಕೆ "ಇನ್ವೆಸ್ಕೊ ಫೀಲ್ಡ್ ಅಟ್ ಮೈಲ್ ಹೈ" ಅಂತ ಇಟ್ಟರು, ಮೈಲ್ ಹೈ ಅನ್ನುವುದು ಹಳೆಯ ಕ್ರೀಡಾಂಗಣದ ಹೆಸರು. ಡೆನ್ವರ್ ಪೋಸ್ಟ್ ಪತ್ರಿಕೆ ಶುರುವಿನಲ್ಲಿ ಕಂಪನಿ ಹೆಸರನ್ನು ಬಳಸಲೇ ಇಲ್ಲ. ಆಮೇಲೆ ಸ್ಪೋರ್ಟ್ಸ್ ಅಥಾರಿಟಿ ಎಂಬ ಕ್ರೀಡಾ ಸಾಮಾನಿನ ಅಂಗಡಿ ಕಂಪನಿ ಬಂತು, ಈಗ ಎಂಪವರ್ ಇದೆ. ಮುಂದಿನ ಪದ ಬದಲಾಗುತ್ತಾ ಹೋಯಿತು, ಹಿಂದಿನ "ಮೈಲ್ ಹೈ" ಕದಲಲಿಲ್ಲ.

ಮನವಿಯಲ್ಲಿ "ಮಾರಲೇಬೇಡಿ" ಅಂತ ಮಾತ್ರ ಬರೆದರೆ ಮಂಡಳಿಗೆ ಉತ್ತರಿಸಲು ದಾರಿಯೇ ಇರುವುದಿಲ್ಲ, ಬದಿಗಿಡುತ್ತಾರೆ. ಎರಡನೇ ಬೇಡಿಕೆಯೂ ಜೊತೆಗಿರಲಿ: ಹಳೆಯ ಹೆಸರು ಪೂರ್ತಿ ರೂಪದಲ್ಲಿ ಉಳಿಯಬೇಕು, ಬೋರ್ಡಿನಲ್ಲಿ ಅಕ್ಷರದ ಎತ್ತರ ಕಂಪನಿ ಹೆಸರಿನ ಇಂತಿಷ್ಟು ಭಾಗಕ್ಕಿಂತ ಕಡಿಮೆ ಇರಬಾರದು, ಟಿಕೆಟ್ ಮೇಲೆ ಎರಡೂ ಇರಬೇಕು. ಅಕ್ಷರದ ಎತ್ತರ ಬರೆಸಿಕೊಳ್ಳದಿದ್ದರೆ ಏನಾಗುತ್ತದೆ ಅಂತ ಹೇಳಬೇಕಿಲ್ಲ. ಹಳೆಯ ಹೆಸರು ಕಾಗದದಲ್ಲಿ ಇರುತ್ತದೆ, ಗೋಡೆಯ ಮೇಲೆ ಭೂತಕನ್ನಡಿ ಹಿಡಿದು ಹುಡುಕಬೇಕು.

ದಕ್ಷಿಣ_ದ್ವಾರ

ಜೋಡಿ ಹೆಸರನ್ನು ಗೆಲುವು ಅಂತ ಕರೆಯೋದು ನನಗೆ ಒಪ್ಪಿಗೆ ಇಲ್ಲ ಮಾರಾಯ್ರೆ. ಅದು ಮೊದಲ ಮೆಟ್ಟಿಲು. ನ್ಯೂಕ್ಯಾಸಲ್‌ನಲ್ಲಿ ಮೊದಲು 2009ರಲ್ಲಿ "ಸ್ಪೋರ್ಟ್ಸ್ ಡೈರೆಕ್ಟ್ ಡಾಟ್ ಕಾಂ ಅಟ್ ಸೇಂಟ್ ಜೇಮ್ಸ್ ಪಾರ್ಕ್" ಅಂತ ಜೋಡಿಸಿದರು. ಎರಡೇ ವರ್ಷದಲ್ಲಿ ಹಳೆಯ ಹೆಸರನ್ನು ಕಿತ್ತೇ ಹಾಕಿದರು. ಜೋಡಿಗೆ ಒಪ್ಪಿದವರು ಆಮೇಲೆ ಯಾವ ಬಾಯಲ್ಲಿ ಮಾತಾಡೋದು?

ಹ್ಯಾಂಬರ್ಗ್‌ನ ಸೇಂಟ್ ಪೌಲಿ ಕ್ಲಬ್‌ನ ದಾರಿ ನೋಡಿ. 2007ರಲ್ಲಿ ಸದಸ್ಯರ ಸಭೆಯಲ್ಲಿ ನಿರ್ಣಯ ಮಾಡಿಬಿಟ್ಟರು: ತಮ್ಮ ಮೈದಾನದ ಮಿಲರ್ನ್‌ಟೋರ್ ಹೆಸರು ಮಾರಾಟಕ್ಕಿಲ್ಲ. ಮುಗೀತು. ಯಾವ ಕಂಪನಿಯೂ ಬಾಗಿಲು ತಟ್ಟುವ ಪ್ರಶ್ನೆ ಇಲ್ಲ.

ಕರಾರುಪತ್ರ

ನಿರ್ಣಯ ಮಾಡುವ ಹಕ್ಕು ಸದಸ್ಯರಿಗಿದ್ದರೆ ಅದಕ್ಕಿಂತ ಗಟ್ಟಿ ದಾರಿ ಇಲ್ಲ, ಒಪ್ಪುತ್ತೇನೆ. ಅಲ್ಲಿ ಕ್ಲಬ್ ಸದಸ್ಯರದ್ದು. ಒಬ್ಬನೇ ಮಾಲೀಕ ಇರುವ ಕಡೆ ಸಭೆ ಎಲ್ಲಿದೆ, ನಿರ್ಣಯ ಎಲ್ಲಿದೆ?

ನ್ಯೂಕ್ಯಾಸಲ್ ಉದಾಹರಣೆಯಲ್ಲಿ ಇನ್ನೊಂದು ಅಂಶ ಇದೆ. ಅಲ್ಲಿ ಹೆಸರು ಹಾಕಿಸಿಕೊಂಡದ್ದು ಮಾಲೀಕನದೇ ಕಂಪನಿ, ಹಕ್ಕನ್ನು ಬೇರೆಯವರಿಗೆ ಮಾರಲು ಮಾದರಿ ತೋರಿಸುವ ಉದ್ದೇಶ ಅಂತ ಕ್ಲಬ್ಬೇ ಹೇಳಿಕೊಂಡಿತ್ತು. 2012ರ ಅಕ್ಟೋಬರ್‌ನಲ್ಲಿ ವೊಂಗಾ ಎಂಬ ಸಾಲದ ಕಂಪನಿ ಅಂಗಿಯ ಪ್ರಾಯೋಜಕತ್ವದ ಜೊತೆ ಹೆಸರಿನ ಹಕ್ಕನ್ನೂ ಕೊಂಡು ಹಳೆಯ ಹೆಸರನ್ನೇ ಇಟ್ಟಿತು. ದುಬಾರಿ ಬಡ್ಡಿಯ ಕಂಪನಿಗೆ ಅಭಿಮಾನಿಗಳ ಒಲವು ಕೊಳ್ಳಲು ಅದೇ ಅಗ್ಗದ ದಾರಿಯಾಗಿತ್ತು. ವಿರೋಧ ಇಲ್ಲದಿದ್ದರೆ ಆ ಒಲವಿಗೆ ಬೆಲೆಯೇ ಇರುತ್ತಿರಲಿಲ್ಲ.

ನ್ಯೂರೆಂಬರ್ಗ್‌ನಲ್ಲಿ ಇದನ್ನೇ ಇನ್ನೂ ಚೆನ್ನಾಗಿ ಮಾಡಿದರು. 2017ರಲ್ಲಿ ಕಾನ್ಸೋರ್ಸ್‌ಬ್ಯಾಂಕ್ ಹೆಸರಿನ ಹಕ್ಕಿಗೆ ದೊಡ್ಡ ಪಾಲು ಹಣ ಕೊಟ್ಟಿತು, ಅಭಿಮಾನಿಗಳು ಚಂದಾ ಎತ್ತಿ ಉಳಿದದ್ದನ್ನು ಸೇರಿಸಿದರು. ಹೆಸರು ಬ್ಯಾಂಕಿನದ್ದಲ್ಲ, ಹಳೆಯ ಆಟಗಾರ ಮ್ಯಾಕ್ಸ್ ಮೊರ್ಲಾಕ್‌ನದ್ದು. ಬರೀ ಚಂದಾದಿಂದ ಆಗುವ ಕೆಲಸ ಅಲ್ಲ ಇದು. ಪ್ರಾಯೋಜಕ ಸಿಕ್ಕ ಮೇಲೆ ಚಂದಾ ಎತ್ತಬೇಕು. ಮೊದಲೇ ಎತ್ತಿದರೆ ಗುರಿ ಮುಟ್ಟದೆ ಹಣ ವಾಪಸ್ ಮಾಡುವ ಫಜೀತಿ.

ಸ್ಟಂಪ್ಸ್

ಕ್ರಿಕೆಟ್‌ನಲ್ಲಿ ಇಂಥದ್ದು ಕಡಿಮೆ ಅಲ್ವಾ?

ಕವರ್_ಡ್ರೈವ್

ಕಡಿಮೆ ಏನಿಲ್ಲ. ಲಂಡನ್‌ನ ಓವಲ್ ಒಂದನ್ನೇ ತಗೊಳ್ಳಿ: ಫಾಸ್ಟರ್ಸ್, ಎಎಂಪಿ, ಬ್ರಿಟ್, ಕಿಯಾ. ಕಾಮೆಂಟ್ರಿಯಲ್ಲಿ ಹೊರತು ಪಡಿಸಿದರೆ ಎಲ್ಲರಿಗೂ ಅದು ಓವಲ್ಲೇ. ಮ್ಯಾಂಚೆಸ್ಟರ್‌ನಲ್ಲಿ 2013ರಿಂದ ಎಮಿರೇಟ್ಸ್ ಓಲ್ಡ್ ಟ್ರಾಫರ್ಡ್. ಮೆಲ್ಬರ್ನ್ ಡಾಕ್‌ಲ್ಯಾಂಡ್ಸ್ ಸ್ಟೇಡಿಯಂ 2000ದಲ್ಲಿ ಕಲೋನಿಯಲ್, 2002ರಲ್ಲಿ ಟೆಲ್‌ಸ್ಟ್ರಾ ಡೋಮ್, 2009ರಲ್ಲಿ ಎತಿಹಾದ್, 2018ರಲ್ಲಿ ಮಾರ್ವೆಲ್. ಇಷ್ಟು ಸಲ ಬದಲಾದರೆ ಯಾವ ಹೆಸರೂ ನಾಲಿಗೆಗೆ ಹತ್ತುವುದಿಲ್ಲ, ಬಡಾವಣೆಯ ಹೆಸರೇ ಗಟ್ಟಿ. ಕಂಪನಿಗಳು ಇಲ್ಲಿ ಒಬ್ಬರ ಹೂಡಿಕೆಯನ್ನು ಇನ್ನೊಬ್ಬರು ಹಾಳು ಮಾಡಿದ ಹಾಗೆ.

ಇಂಗ್ಲೆಂಡಿನ ಹೆಡಿಂಗ್ಲಿ ಮೈದಾನದ್ದು ಉಲ್ಟಾ ಕೇಸು. 2017ರಲ್ಲಿ ಅದು ಎಮರಾಲ್ಡ್ ಹೆಡಿಂಗ್ಲಿ ಆಯಿತು. 2021ರಲ್ಲಿ ಯಾರ್ಕ್‌ಷೈರ್ ಕ್ಲಬ್ ಮೇಲೆ ಜನಾಂಗೀಯ ನಿಂದನೆಯ ವಿವಾದ ಎದ್ದಾಗ ಓಡಿ ಹೋದದ್ದು ಪ್ರಾಯೋಜಕರು. ಮರ್ಯಾದೆಯ ಷರತ್ತು (ಒಬ್ಬರು ಕೆಟ್ಟ ಹೆಸರು ತಂದರೆ ಇನ್ನೊಬ್ಬರು ಕರಾರಿನಿಂದ ಹೊರಬರಬಹುದು ಅನ್ನುವುದು) ಎರಡೂ ಕಡೆಯಿಂದ ಕಚ್ಚುತ್ತದೆ. ಅಭಿಮಾನಿ ಸಂಘದವರು "ಕಂಪನಿ ಕೆಟ್ಟ ಹೆಸರು ತಂದರೆ ಬಿಡುಗಡೆ" ಅಂತ ಕೇಳುವಾಗ, ಕ್ಲಬ್ಬೇ ಕೆಟ್ಟ ಹೆಸರು ತಂದರೆ ಮುಂದಿನ ಕಂತುಗಳೂ ಹೋಗುತ್ತವೆ ಅನ್ನುವುದು ನೆನಪಿರಲಿ.

ಉತ್ತರ_ಗ್ಯಾಲರಿ

ಮರ್ಯಾದೆಯ ಷರತ್ತು ಅಂದ್ರೆ ಕರಾರಿನಲ್ಲಿ ಏನೇನು ಬರೆದಿರಬೇಕು? ಎಫ್‌ಟಿಎಕ್ಸ್ ಥರ ಆದರೆ?

ಕರಾರುಪತ್ರ

ಎರಡು ಬೇರೆ ಸಂಗತಿ, ಬೆರೆಸಬೇಡಿ.

ಮರ್ಯಾದೆ ಕೆಡುವುದು ಒಂದು. 2018ರ ಜುಲೈನಲ್ಲಿ ಪಾಪಾ ಜಾನ್ಸ್ ಸಂಸ್ಥಾಪಕ ಜನಾಂಗೀಯ ನಿಂದನೆಯ ಪದ ಬಳಸಿದ್ದು ಹೊರಬಂದ ಕೂಡಲೇ ಲೂಯಿವಿಲ್ ವಿಶ್ವವಿದ್ಯಾಲಯ ತನ್ನ ಕ್ರೀಡಾಂಗಣದಿಂದ ಆ ಹೆಸರು ತೆಗೆಯಿತು. ಷರತ್ತು ಬರೆಯುವಾಗ "ಅಪರಾಧ ಸಾಬೀತಾದರೆ" ಅಂತ ಬರೆದರೆ ನಿಷ್ಪ್ರಯೋಜಕ, ತೀರ್ಪು ಬರಲು ವರ್ಷಗಳೇ ಬೇಕು. "ಕ್ಲಬ್‌ನ ಹೆಸರಿಗೆ ಗಣನೀಯ ಧಕ್ಕೆ" ಅನ್ನುವಷ್ಟು ಅಗಲವಾಗಿರಬೇಕು. ಕಂಪನಿಯ ಜೊತೆಗೆ ಸಂಸ್ಥಾಪಕರು, ನಿರ್ದೇಶಕರು, ಮೂಲ ಸಂಸ್ಥೆ ಕೂಡ ಅದರ ವ್ಯಾಪ್ತಿಗೆ ಬರಬೇಕು.

ದಿವಾಳಿ ಇನ್ನೊಂದು. ಕ್ರಿಪ್ಟೋ ವಿನಿಮಯ ಕಂಪನಿ ಎಫ್‌ಟಿಎಕ್ಸ್ 2022ರ ನವೆಂಬರ್‌ನಲ್ಲಿ ದಿವಾಳಿ ಅರ್ಜಿ ಹಾಕಿತು. ಅಮೆರಿಕದ ಕಾನೂನಿನಲ್ಲಿ ಅರ್ಜಿ ಬಿದ್ದ ಕ್ಷಣದಿಂದ ತಡೆ ತಾನಾಗಿಯೇ ಜಾರಿಗೆ ಬರುತ್ತದೆ. ಎದುರು ಪಕ್ಷದವರು ಕರಾರನ್ನು ಏಕಪಕ್ಷೀಯವಾಗಿ ರದ್ದು ಮಾಡುವಂತಿಲ್ಲ. "ದಿವಾಳಿಯಾದರೆ ಕರಾರು ರದ್ದು" ಅಂತ ಬರೆದಿದ್ದರೂ ಆ ಸಾಲಿಗೆ ನ್ಯಾಯಾಲಯ ಸಾಮಾನ್ಯವಾಗಿ ಬೆಲೆ ಕೊಡುವುದಿಲ್ಲ. ಅರೀನಾ ಮಯಾಮಿ-ಡೇಡ್ ಕೌಂಟಿಯದು. ಕೌಂಟಿ ದಿವಾಳಿ ನ್ಯಾಯಾಲಯಕ್ಕೆ ಹೋಗಿ 2023ರ ಜನವರಿಯಲ್ಲಿ ಬಿಡುಗಡೆ ಪಡೆಯಿತು, ಏಪ್ರಿಲ್‌ನಲ್ಲಿ ಕಸೇಯಾ ಸೆಂಟರ್ ಆಯಿತು: 17 ವರ್ಷಕ್ಕೆ 11.74 ಕೋಟಿ ಡಾಲರ್. ಇಂಧನ ಕಂಪನಿ ಎನ್ರಾನ್ ದಿವಾಳಿಯಾದ ಪ್ರಕರಣದಲ್ಲಿ ಹ್ಯೂಸ್ಟನ್‌ನ ಆಸ್ಟ್ರೋಸ್ ಬೇಸ್‌ಬಾಲ್ ತಂಡ 2002ರಲ್ಲಿ 21 ಲಕ್ಷ ಡಾಲರ್ ಕೊಟ್ಟು ತನ್ನದೇ ಮೈದಾನದ ಹೆಸರನ್ನು ವಾಪಸ್ ಕೊಂಡುಕೊಂಡಿತು. ಬಾಲ್ಟಿಮೋರ್‌ನಲ್ಲಿ ಪಿಎಸ್‌ಐನೆಟ್ ಎಂಬ ಇಂಟರ್ನೆಟ್ ಕಂಪನಿ ದಿವಾಳಿಯಾದಾಗಲೂ ತಂಡವೇ ಹಣ ಕೊಟ್ಟು ಬಿಡಿಸಿಕೊಳ್ಳಬೇಕಾಯಿತು.

ಹಾಗಾಗಿ ದಿವಾಳಿಯ ಷರತ್ತು ನಂಬಿ ಕೂರಬಾರದು. ಅದಕ್ಕಿಂತ ಮೊದಲೇ ಹೊತ್ತಿಕೊಳ್ಳುವ ಷರತ್ತು ಬೇಕು: ಕಂತು ಇಷ್ಟು ದಿನ ತಪ್ಪಿದರೆ ರದ್ದು, ಸಾಲದ ಶ್ರೇಯಾಂಕ ಇಂತಿಷ್ಟಕ್ಕಿಂತ ಕುಸಿದರೆ ಬ್ಯಾಂಕ್ ಖಾತರಿ ಕೊಡಬೇಕು, ಕನಿಷ್ಠ ಒಂದು ವರ್ಷದ ಹಣ ಮುಂಗಡವಾಗಿ ಮೂರನೆಯವರ ಖಾತೆಯಲ್ಲಿ ಇರಬೇಕು, ಬೋರ್ಡ್ ತೆಗೆಸುವ ಖರ್ಚಿಗೆ ಪ್ರತ್ಯೇಕ ಠೇವಣಿ.

ನಟ್ಟು_ಬೋಲ್ಟು

ಬೋರ್ಡ್ ತೆಗೆಸುವ ಖರ್ಚು ಅಂದಿರಲ್ಲ, ಅದನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ಹೆಸರು ಬದಲಿಸುವುದು ಒಂದು ಫ್ಲೆಕ್ಸ್ ಕಟ್ಟಿದಷ್ಟು ಸುಲಭ ಅಂತ ತಿಳಿದವರೇ ಹೆಚ್ಚು.

ಹೊರಗೋಡೆಯ ದೊಡ್ಡ ಅಕ್ಷರಗಳು ಅಲ್ಯೂಮಿನಿಯಂ ಪೆಟ್ಟಿಗೆಗಳು, ಒಳಗೆ ಎಲ್‌ಇಡಿ, ಹಿಂದೆ ಸ್ಟೀಲ್ ಚೌಕಟ್ಟು, ಆ ಚೌಕಟ್ಟು ಗೋಡೆಗೆ ಆ್ಯಂಕರ್ ಬೋಲ್ಟಿನಿಂದ ಕೂತಿರುತ್ತದೆ. ಹೊಸ ಹೆಸರು ಉದ್ದವಾದರೆ ಗಾಳಿಯ ಒತ್ತಡದ ಲೆಕ್ಕ ಮೊದಲಿಂದ ಮಾಡಿಸಬೇಕು. ಹಳೆಯ ಚೌಕಟ್ಟಿಗೇ ಹೊಸ ಅಕ್ಷರ ನೇತುಹಾಕಲು ಹೋಗಿ ಎಂಜಿನಿಯರ್ ಒಪ್ಪದೆ ಕೆಲಸ ನಿಂತದ್ದು ಮಾಮೂಲು. ಹಳೆಯದನ್ನು ಇಳಿಸಿದ ಮೇಲೆ ಗೋಡೆಯಲ್ಲಿ ಅಕ್ಷರದ ನೆರಳು ಉಳಿಯುತ್ತದೆ. ಸುತ್ತಲಿನ ಬಣ್ಣ ಬಿಸಿಲಿಗೆ ಮಾಸಿರುತ್ತದೆ, ಅಕ್ಷರದ ಹಿಂದೆ ಮಾಸಿರುವುದಿಲ್ಲ. ಆ ಗೋಡೆಯ ಪೂರ್ತಿ ಮುಖಕ್ಕೆ ಬಣ್ಣ ಹೊಡೆಯದೆ ಅದು ಹೋಗುವುದಿಲ್ಲ. ಬೋಲ್ಟಿನ ತೂತುಗಳನ್ನು ಸರಿಯಾಗಿ ಮುಚ್ಚದಿದ್ದರೆ ಒಳಗೆ ನೀರು.

ಚಾವಣಿಯ ಮೇಲೆ ಆಕಾಶದಿಂದ ಕಾಣುವಂತೆ ಬರೆದ ಹೆಸರು ಇನ್ನೂ ತಲೆನೋವು. ಅಲ್ಲಿ ಮೆಂಬ್ರೇನ್ ಹೊದಿಕೆ ಇದ್ದರೆ ಅದಕ್ಕೆ ಹೊಂದುವ ಬಣ್ಣವೇ ಬೇಕು. ಬೇರೆ ಬಣ್ಣ ಬಳಿದರೆ ಹೊದಿಕೆ ಬಿರುಕು ಬಿಡುತ್ತದೆ, ತಯಾರಕರ ಗ್ಯಾರಂಟಿಯೂ ಹೋಗುತ್ತದೆ.

ಹೊರಗೆ: ಹೆದ್ದಾರಿ ಫಲಕ, ರೈಲು ನಿಲ್ದಾಣದ ಹೆಸರು, ಬಸ್ಸಿನ ವೇಳಾಪಟ್ಟಿ. ಇವೆಲ್ಲ ಬೇರೆ ಬೇರೆ ಇಲಾಖೆ, ಪ್ರತಿಯೊಂದಕ್ಕೂ ಬೇರೆ ಅರ್ಜಿ. ಇದರಿಂದ ಬೇಸತ್ತು ಕೆಲವು ಇಲಾಖೆಗಳು ಫಲಕದಲ್ಲಿ ಬರೀ "ಸ್ಟೇಡಿಯಂ" ಅಂತಲೇ ಬರೆಯುತ್ತವೆ. ಒಳಗೆ: ಟಿಕೆಟ್ ನಮೂನೆ, ಗೇಟಿನ ಸ್ಕ್ಯಾನರ್ ತಂತ್ರಾಂಶ, ವೈಫೈ ಹೆಸರು, ಸಿಬ್ಬಂದಿ ಸಮವಸ್ತ್ರ, ಕಸದ ಡಬ್ಬಿಯ ಮೇಲಿನ ಸ್ಟಿಕ್ಕರ್. ಎಲ್ಲಕ್ಕಿಂತ ಮುಖ್ಯವಾಗಿ ಆಂಬುಲೆನ್ಸ್, ಅಗ್ನಿಶಾಮಕದವರ ವಿಳಾಸ ಪಟ್ಟಿ. ಅಲ್ಲಿ ಹಳೆಯ ಹೆಸರುಗಳೂ ಪರ್ಯಾಯವಾಗಿ ಇರಲೇಬೇಕು, ಏಕೆಂದರೆ ಗಾಬರಿಯಲ್ಲಿ ಕರೆ ಮಾಡುವವನು ತನಗೆ ರೂಢಿಯಾದ ಹೆಸರನ್ನೇ ಹೇಳುತ್ತಾನೆ.

ಡೆನ್ವರ್‌ನಲ್ಲಿ ಸ್ಪೋರ್ಟ್ಸ್ ಅಥಾರಿಟಿ 2016ರಲ್ಲಿ ದಿವಾಳಿಯಾಗಿ ಅಂಗಡಿಗಳೆಲ್ಲ ಮುಚ್ಚಿದರೂ 2017ರ ಋತುವಿನಲ್ಲಿ ಅದರ ಬೋರ್ಡ್ ಹಾಗೇ ಇತ್ತು.

ಬೈಸಿಕಲ್_ಕಿಕ್

ಸತ್ತ ಕಂಪನಿಗೆ ಬಿಟ್ಟಿ ಜಾಹೀರಾತು 😂

ಕವರ್_ಡ್ರೈವ್

ದೊಡ್ಡ ಟೂರ್ನಿಗಳಲ್ಲಿ ಇದರ ಇನ್ನೊಂದು ಮುಖ ಕಾಣುತ್ತದೆ. ಫಿಫಾ, ಯುಇಎಫ್‌ಎ, ಐಸಿಸಿ, ಒಲಿಂಪಿಕ್ಸ್, ಇವರಿಗೆಲ್ಲ ತಮ್ಮ ಪ್ರಾಯೋಜಕರಿರುತ್ತಾರೆ, ಹಾಗಾಗಿ ಮೈದಾನ ಬ್ರ್ಯಾಂಡ್ ಇಲ್ಲದೆ ಕೈಗೆ ಬರಬೇಕು. 2024ರ ಯೂರೊದಲ್ಲಿ ಅಲಿಯಾನ್ಜ್ ಅರೀನಾ "ಮ್ಯೂನಿಕ್ ಫುಟ್‌ಬಾಲ್ ಅರೀನಾ". 2012ರ ಒಲಿಂಪಿಕ್ಸ್‌ನಲ್ಲಿ ಲಂಡನ್ನಿನ ಓ2 ಅರೀನಾ "ನಾರ್ತ್ ಗ್ರೀನಿಚ್ ಅರೀನಾ". ಅದೇ ಒಲಿಂಪಿಕ್ಸ್‌ನ ಫುಟ್‌ಬಾಲ್ ನ್ಯೂಕ್ಯಾಸಲ್‌ನಲ್ಲಿ ನಡೆದಾಗ ಹೆಸರು ಸೇಂಟ್ ಜೇಮ್ಸ್ ಪಾರ್ಕ್, ಕ್ಲಬ್ ಅಧಿಕೃತವಾಗಿ ಸ್ಪೋರ್ಟ್ಸ್ ಡೈರೆಕ್ಟ್ ಅನ್ನುತ್ತಿದ್ದ ದಿನಗಳಲ್ಲೇ! 2015ರ ಕ್ರಿಕೆಟ್ ವಿಶ್ವಕಪ್‌ನಲ್ಲಿ ವೆಲಿಂಗ್ಟನ್‌ನ ವೆಸ್ಟ್‌ಪ್ಯಾಕ್ ಸ್ಟೇಡಿಯಂ ಬರೀ "ರೀಜನಲ್ ಸ್ಟೇಡಿಯಂ". ಊರಿನವರ ಬಾಯಲ್ಲಿ ಅದು ಯಾವತ್ತೂ "ಕೇಕ್ ಟಿನ್", ಆ ಮಾತು ಬೇರೆ.

ಅಭಿಮಾನಿ ಸಂಘಗಳು ಈ ದಿನಗಳನ್ನು ಬಳಸಿಕೊಳ್ಳುವುದೇ ಇಲ್ಲ. ಅಧಿಕೃತ ದಾಖಲೆಯಲ್ಲೇ ಕಂಪನಿ ಹೆಸರಿಲ್ಲದ ಹೆಸರು ಇರುವಾಗ ಸ್ಥಳೀಯ ಪತ್ರಿಕೆಗಳಿಗೆ "ನೀವೂ ಇದನ್ನೇ ಬಳಸಿ" ಅಂತ ಕೇಳುವುದು ಸುಲಭ.

ದಕ್ಷಿಣ_ದ್ವಾರ

ಪ್ರಾಯೋಜಕರ ಸಾಮಾನು ಕೊಳ್ಳದೆ ಬಹಿಷ್ಕಾರ ಹಾಕಿದರೆ?

ಲೆಕ್ಕಿಗ

ಅದು ಕಂಪನಿ ಏನು ಮಾರುತ್ತದೆ ಅನ್ನುವುದರ ಮೇಲೆ ಹೋಗುತ್ತದೆ. ಸೂಪರ್‌ಮಾರ್ಕೆಟ್, ಬಿಯರ್, ಮೊಬೈಲ್ ಸೇವೆ ಆದರೆ ಹೆದರುತ್ತಾರೆ. ಪಿಟ್ಸ್‌ಬರ್ಗ್‌ನ ಹೈನ್ಜ್ ಫೀಲ್ಡ್ 2022ರಲ್ಲಿ ಅಕ್ರಿಶ್ಯೂರ್ ಸ್ಟೇಡಿಯಂ ಆದಾಗ ಜನ ಕೆರಳಿದರು, ಆದರೆ ಅಕ್ರಿಶ್ಯೂರ್ ವಿಮಾ ದಲ್ಲಾಳಿ ಸಂಸ್ಥೆ. ಕಸೇಯಾ ಮಾರುವುದು ಐಟಿ ವಿಭಾಗಗಳಿಗೆ ಬೇಕಾದ ತಂತ್ರಾಂಶ. ಗ್ಯಾಲರಿಯಲ್ಲಿ ಕೂತವರಲ್ಲಿ ಅವರ ಗಿರಾಕಿಗಳು ಎಷ್ಟು ಜನ ಇದ್ದಾರು? ಇಂಥ ಕಂಪನಿಗಳಿಗೆ ಬೇಕಿರುವುದು "ಓ, ಆ ಸ್ಟೇಡಿಯಂನವರಾ" ಅಂತ ಮುಂದಿನ ಮೀಟಿಂಗ್‌ನಲ್ಲಿ ಗುರುತು ಸಿಗುವುದು, ಕೆಲಸಕ್ಕೆ ಜನ ಸಿಗುವುದು. ನಿಮ್ಮ ಸಿಟ್ಟು ಕೂಡ ಅವರಿಗೆ ಪರಿಚಯಪತ್ರ.

ಮೀಮ್‌ಗಳದ್ದೂ ಇದೇ ಹಣೆಬರಹ. ಶಿಕಾಗೊದಲ್ಲಿ 2016ರಲ್ಲಿ ಗ್ಯಾರಂಟೀಡ್ ರೇಟ್ ಫೀಲ್ಡ್ ಬಂದಾಗ ಕಂಪನಿ ಲಾಂಛನದಲ್ಲಿದ್ದ ಕೆಳಮುಖ ಬಾಣವನ್ನು ಹಿಡಿದು ದೇಶವೆಲ್ಲ ನಕ್ಕಿತು. ಹೆಸರು ತೆಗೆದರಾ? ಇಲ್ಲ. ನಕ್ಕವರೆಲ್ಲ ಹೆಸರನ್ನು ಕಲಿತರು.

ದಕ್ಷಿಣ_ದ್ವಾರ

ಇದು ಪೂರ್ತಿ ನಿಜ ಅಲ್ಲ ಸರ್. ಫ್ಲಾರಿಡಾ ಅಟ್ಲಾಂಟಿಕ್ ವಿಶ್ವವಿದ್ಯಾಲಯದ ಕೇಸ್ ನೋಡಿ. 2013ರ ಫೆಬ್ರವರಿಯಲ್ಲಿ ಖಾಸಗಿ ಜೈಲು ನಡೆಸುವ ಜಿಯೋ ಗ್ರೂಪ್ ಹೆಸರನ್ನು ಸ್ಟೇಡಿಯಂಗೆ ಇಡುತ್ತೇವೆ ಅಂದರು, 12 ವರ್ಷಕ್ಕೆ 60 ಲಕ್ಷ ಡಾಲರ್. ತಂಡದ ಗುರುತು ಗೂಬೆ, ಹಾಗಾಗಿ ವಿದ್ಯಾರ್ಥಿಗಳು ಅಲ್ಕಟ್ರಾಜ್ ಜೈಲಿನ ಹೆಸರಿಗೆ ಗೂಬೆಯನ್ನು ಸೇರಿಸಿ "ಔಲ್‌ಕಟ್ರಾಜ್" ಅಂತ ಕರೆದರು. ಏಪ್ರಿಲ್ ಮೊದಲ ವಾರಕ್ಕೆ ಕಂಪನಿಯೇ ಹಿಂದೆ ಸರಿಯಿತು. ಜಿಯೋ ಗ್ರೂಪ್‌ನ ಗಿರಾಕಿಯೂ ಗ್ಯಾಲರಿಯಲ್ಲಿ ಇರಲಿಲ್ಲ ತಾನೇ?

ಲೆಕ್ಕಿಗ

ಒಳ್ಳೆಯ ಉದಾಹರಣೆ. ಅದರ ಗಿರಾಕಿ ಸರ್ಕಾರ, ಸರ್ಕಾರಕ್ಕೆ ಸುದ್ದಿಯ ಭಯ. ಜೊತೆಗೆ ವಿದ್ಯಾರ್ಥಿಗಳು ಲಾಂಛನ ಚೆನ್ನಾಗಿಲ್ಲ ಅಂತ ಗೇಲಿ ಮಾಡಲಿಲ್ಲ, ಕಂಪನಿಯ ದಂಧೆಯನ್ನೇ ಪ್ರಶ್ನಿಸಿದರು. ಪ್ರತಿ ಸುದ್ದಿಯಲ್ಲೂ ಜೈಲುಗಳ ಒಳಗಿನ ಸ್ಥಿತಿಯ ಚರ್ಚೆ ಬರುತ್ತಿತ್ತು. 60 ಲಕ್ಷ ಕೊಟ್ಟು ಅಂಥ ಪ್ರಚಾರ ಯಾರಿಗೆ ಬೇಕು?

ಉತ್ತರ_ಗ್ಯಾಲರಿ

ಸರಿ, ಒಂದು ಅಭಿಮಾನಿ ಸಂಘ ಇವತ್ತು ಶುರು ಮಾಡಬೇಕು ಅಂದರೆ ಯಾವ ಕ್ರಮದಲ್ಲಿ?

ಕರಾರುಪತ್ರ

ಗುತ್ತಿಗೆ ಪತ್ರ ಮೊದಲು. ಸಾರ್ವಜನಿಕ ಸ್ವತ್ತಾದರೆ ಮಾಹಿತಿ ಹಕ್ಕಿನಲ್ಲಿ ಪ್ರತಿ ಕೇಳಿ. ಮೊತ್ತವನ್ನು ಕಪ್ಪು ಮಾಡಿ ಕೊಟ್ಟರೂ ಒಪ್ಪಿಗೆಯ ಷರತ್ತು, ಅವಧಿ, ನವೀಕರಣದ ನೋಟಿಸ್ ಸಿಗುತ್ತವೆ. ಈಗಿನ ಒಪ್ಪಂದ ಯಾವಾಗ ಮುಗಿಯುತ್ತದೆ, ಮುಗಿಯುವ ಎಷ್ಟು ತಿಂಗಳ ಮೊದಲು ಹಾಲಿ ಪ್ರಾಯೋಜಕರ ಜೊತೆ ಮಾತುಕತೆ ಶುರುವಾಗಬೇಕು ಅನ್ನುವುದನ್ನು ಗುರುತು ಹಾಕಿಕೊಳ್ಳಿ. ಮನವಿ ಮಾತುಕತೆಗೆ ಮುಂಚೆ ತಲುಪಬೇಕು. ಪತ್ರಿಕಾಗೋಷ್ಠಿ ಆದ ಮೇಲೆ ಯಾರೂ ಮುಖ ಕೆಡಿಸಿಕೊಂಡು ಹಿಂದೆ ಸರಿಯುವುದಿಲ್ಲ.

ಮನವಿ ಒಂದೇ ಪುಟ. ಯಾರಿಗೆ: ಹಕ್ಕಿನ ಮಾಲೀಕರಿಗೆ, ಒಪ್ಪಿಗೆ ಕೊಡುವವರಿಗೆ. ಕಂಪನಿಯ ಹೆಸರು ಗೊತ್ತಿದ್ದರೆ ಅದರ ಮಾರುಕಟ್ಟೆ ವಿಭಾಗದ ಮುಖ್ಯಸ್ಥರಿಗೂ ಒಂದು ಪ್ರತಿ, ಸಭ್ಯ ಭಾಷೆಯಲ್ಲಿ. ಕ್ಲಬ್‌ಗಿಂತ ಬೇಗ ಗಾಬರಿಯಾಗುವುದು ಅವರೇ. ಸಹಿಗಳನ್ನು ಆನ್‌ಲೈನ್‌ನಲ್ಲಿ ಯಾರ್ಯಾರಿಂದಲೋ ಸಂಗ್ರಹಿಸುವುದಕ್ಕಿಂತ ಸೀಸನ್ ಟಿಕೆಟ್ ಇರುವವರ ಸಹಿ, ಸೀಟಿನ ಬ್ಲಾಕ್ ಸಮೇತ. ಒಂದು ಲಕ್ಷ ಅನಾಮಧೇಯ ಕ್ಲಿಕ್‌ಗಿಂತ ಎರಡು ಸಾವಿರ ಇಂಥ ಸಹಿಗೆ ತೂಕ ಹೆಚ್ಚು.

ಗೋಡೆಗೆ ಬಣ್ಣ ಎರಚುವುದು, ಟಿಕೆಟ್ ಕೌಂಟರ್‌ನವರ ಮೇಲೆ ಕೂಗಾಡುವುದು ಬೇಡ. ಮರುದಿನದ ಸುದ್ದಿ ಪೂರ್ತಿ ಅದರ ಬಗ್ಗೆಯೇ ಇರುತ್ತದೆ.

ನಟ್ಟು_ಬೋಲ್ಟು

ಇನ್ನೊಂದು ಸಾಧ್ಯತೆ ಯಾರೂ ಹೇಳಲಿಲ್ಲ. ಮೈದಾನದ ಹೆಸರು ಬಿಟ್ಟು ಸ್ಟ್ಯಾಂಡ್‌ಗಳ ಹೆಸರು, ಗೇಟು, ಅಭ್ಯಾಸದ ಮೈದಾನ, ಊಟದ ಸಭಾಂಗಣ ಮಾರಬಹುದು. ಮೊತ್ತ ಕಡಿಮೆ, ಆದರೆ ಹತ್ತಾರು ತುಂಡಾಗಿ ಮಾರಿದರೆ ಒಟ್ಟು ಲೆಕ್ಕ ಅಷ್ಟೇನೂ ಕಳಪೆಯಲ್ಲ, ಒಬ್ಬ ಮುಳುಗಿದರೂ ಎಲ್ಲ ಮುಳುಗುವುದಿಲ್ಲ. ತೊಂದರೆ ಏನೆಂದರೆ ಒಂದೇ ವ್ಯವಹಾರದ ಇಬ್ಬರನ್ನು ಕೂರಿಸುವಂತಿಲ್ಲ. ಅಂಗಿಯ ಮೇಲೆ ಒಂದು ಬ್ಯಾಂಕ್ ಇದ್ದರೆ ಗೇಟಿನ ಮೇಲೆ ಇನ್ನೊಂದು ಬ್ಯಾಂಕ್ ಬರುವಂತಿಲ್ಲ, ಪಾನೀಯದ ಏಕಸ್ವಾಮ್ಯ ಇದ್ದರೆ ಪ್ರತಿಸ್ಪರ್ಧಿ ಸೋಡಾ ಕಂಪನಿಗೆ ಊಟದ ಸಭಾಂಗಣ ಕೊಡುವಂತಿಲ್ಲ. ಮೊದಲು ಈಗಿರುವ ಎಲ್ಲ ಪ್ರಾಯೋಜಕರ ವಿಭಾಗಗಳ ಪಟ್ಟಿ ಮಾಡಿಕೊಂಡು ಆಮೇಲೆ ಈ ಸಲಹೆ ಮುಂದಿಡಿ. ಇಲ್ಲದಿದ್ದರೆ ಮಂಡಳಿಯವರು ಎರಡೇ ನಿಮಿಷದಲ್ಲಿ ತಳ್ಳಿಹಾಕುತ್ತಾರೆ.

ಸ್ಟಂಪ್ಸ್

ಹಳೇ ಹೆಸರು ಹಾಕಿ ಟೀ ಶರ್ಟ್, ಬ್ಯಾನರ್ ಮಾಡಿಸಿದರೆ ಕೇಸ್ ಬೀಳುತ್ತಾ?

ಕರಾರುಪತ್ರ

ಬ್ಯಾನರ್‌ಗೆ ಟ್ರೇಡ್‌ಮಾರ್ಕಿನ ತೊಂದರೆ ಸಾಮಾನ್ಯವಾಗಿ ಇಲ್ಲ, ಆದರೆ ಮೈದಾನದ ನಿಯಮದಲ್ಲಿ ಬ್ಯಾನರಿನ ಅಳತೆ, ಬೆಂಕಿ ಹಿಡಿಯದ ಬಟ್ಟೆ, ಮೊದಲೇ ಅನುಮತಿ ಅಂತ ಇರುತ್ತದೆ. ಅದನ್ನೇ ನೆಪ ಮಾಡಿ ಗೇಟಿನಲ್ಲಿ ಕಿತ್ತುಕೊಳ್ಳುತ್ತಾರೆ. ಅಳತೆ ಪಾಲಿಸಿ, ಅನುಮತಿಯನ್ನು ಇಮೇಲ್‌ನಲ್ಲೇ ಪಡೆದು ಪ್ರಿಂಟ್ ಹಿಡಿದುಕೊಂಡು ಹೋಗಿ. ಟೀ ಶರ್ಟ್ ಮಾರಾಟ ಮಾಡುವುದಾದರೆ ಹಳೆಯ ಹೆಸರು ಯಾರ ಹೆಸರಿನಲ್ಲಿ ನೋಂದಣಿಯಾಗಿದೆ ಅಂತ ಟ್ರೇಡ್‌ಮಾರ್ಕ್ ಕಚೇರಿಯ ಜಾಲತಾಣದಲ್ಲಿ ಬಟ್ಟೆಯ ವರ್ಗ 25ರಲ್ಲಿ ಹುಡುಕಿ. ಬೋರ್ಡಿನಿಂದ ಹೆಸರು ತೆಗೆದರೂ ಕ್ಲಬ್ ನೋಂದಣಿಯನ್ನು ಬಿಟ್ಟಿರುವುದಿಲ್ಲ. ಲಾಂಛನ, ಕ್ಲಬ್‌ನ ಅಕ್ಷರಶೈಲಿ ಬಳಸಲೇಬೇಡಿ. ಊರಿನ ಹೆಸರು, ಬೀದಿಯ ಹೆಸರು, ಕಟ್ಟಿದ ಇಸವಿ ಇಷ್ಟು ಹಾಕಿದರೆ ನೋಡಿದವರಿಗೆ ಅರ್ಥವಾಗುತ್ತದೆ, ನೋಟಿಸ್ ಬರುವ ಸಾಧ್ಯತೆಯೂ ಕಡಿಮೆ.